ಕಡಿಮೆ ಶುಲ್ಕ ಸೂಚಿಸಿದರೂ ಕಿರುಪಟ್ಟಿಗೆ ಬಾರದಿರುವುದೇಕೆ?
ಅಮೆರಿಕದ ಸೇನಾ ನೆಲೆಯ ವ್ಯಾಯಾಮ ಕೇಂದ್ರದ ವಿನ್ಯಾಸಕ್ಕೆ ಕಡಿಮೆ ಶುಲ್ಕ ಸೂಚಿಸಿದರೂ ನಿಮ್ಮ ಸಂಸ್ಥೆ ಕಿರುಪಟ್ಟಿಗೆ ಬಾರದಿರಲು, ಆ ಹಂತದಲ್ಲಿ ಶುಲ್ಕವನ್ನು ಪರಿಗಣಿಸದಿರುವುದೇ ಕಾರಣವಿರಬೇಕು. 1972ರ ಬ್ರೂಕ್ಸ್ ಕಾಯ್ದೆಯಂತೆ ಮೊದಲು ಅರ್ಹತೆಯ ಮೇಲೆ ಶ್ರೇಯಾಂಕ, ಆಮೇಲಷ್ಟೇ ಮೊದಲ ಸ್ಥಾನದವರೊಡನೆ ದರದ ಮಾತುಕತೆ. ಮುಂದಿನ ಸಲ, ವಿನ್ಯಾಸ ಸಂಸ್ಥೆಗಳು ತಮ್ಮ ಅರ್ಹತೆ ತೋರಿಸಲು ತುಂಬುವ ಎಸ್‌ಎಫ್ 330 ನಮೂನೆಯ ಎಫ್ ವಿಭಾಗದಿಂದ ಆರಂಭಿಸಿ: ಅರ್ಜಿ ಕರೆದ ಪ್ರಕಟಣೆ ಬೇರೆ ಸಂಖ್ಯೆ ಹೇಳದಿದ್ದರೆ ಅಲ್ಲಿ ಹಿಂದೆ ಮಾಡಿದ 10 ಯೋಜನೆಗಳಿಗಷ್ಟೇ ಜಾಗವಿರುವುದರಿಂದ, ದೊಡ್ಡ ಕಚೇರಿ ಕಟ್ಟಡಕ್ಕಿಂತ ವ್ಯಾಯಾಮ ಕೇಂದ್ರವನ್ನು ಹೋಲುವ ಚಿಕ್ಕ ಈಜುಕೊಳ, ಸಮುದಾಯ ಭವನಗಳೇ ಮೇಲು. ಬಳಿಕ ಜಿ ವಿಭಾಗದ ಕೋಷ್ಟಕದಲ್ಲಿ, ಇ ವಿಭಾಗದ ಸಿಬ್ಬಂದಿಯಲ್ಲಿ ಯಾರು ಯಾವ ಯೋಜನೆಯಲ್ಲಿ ದುಡಿದರೆಂದು ಗುರುತು ಹಾಕಿ. ನಮ್ಮ ಮೊದಲ ಅರ್ಜಿಯಲ್ಲಿ ಆ ಚೌಕಗಳು ಬಹುತೇಕ ಖಾಲಿಯಿದ್ದು, ಒಟ್ಟಿಗೆ ಎಂದೂ ಕೆಲಸ ಮಾಡದ ತಂಡವೆಂದು ನಾವೇ ಬರೆದುಕೊಟ್ಟಂತಾಗಿತ್ತು. ಎಚ್ ವಿಭಾಗದಲ್ಲಿ ಪ್ರಕಟಣೆಯ ಮಾನದಂಡಗಳಿಗೆ ಅದೇ ಕ್ರಮದಲ್ಲಿ ಉತ್ತರಿಸಿ. ನಿಮ್ಮ ಅರ್ಜಿಯನ್ನು ನೋಡದೆ ಹೇಳುತ್ತಿರುವುದರಿಂದ ಇದು ಊಹೆಯೇ. ಅಂತಿಮ ಆಯ್ಕೆ ಮುಗಿದ ಮೇಲೆ ಗುತ್ತಿಗೆ ಅಧಿಕಾರಿಗೆ ಪತ್ರ ಬರೆದು ಕೊರತೆಗಳ ವಿವರಣೆ ಕೇಳಿ.