ಗೋಡೆ ಎದ್ದ ಮೇಲೇ ಅಸಲಿ ಕೆಲಸ

ನಮಸ್ಕಾರ. ತೈವಾನ್‌ನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಯ ಕಾರ್ಖಾನೆ ಜಪಾನ್‌ನಲ್ಲಿ ಬೇಗ ಎದ್ದಿತು, ಅಮೆರಿಕದ ಅರಿಜೋನಾದಲ್ಲಿ ಯಾಕೆ ತಡವಾಯಿತು ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಸಿವಿಲ್ ಓದುತ್ತಿದ್ದೇನೆ ಅಂದಿದ್ದೀರಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಪಾನ್‌ನ ಕುಮಾಮೊಟೊದಲ್ಲಿ 2022ರ ಏಪ್ರಿಲ್‌ನಲ್ಲಿ ಕೆಲಸ ಶುರುವಾಯಿತು, 2024ರ ಫೆಬ್ರವರಿಯಲ್ಲಿ ಉದ್ಘಾಟನೆಯೂ ಆಯಿತು. ಹಗಲು ರಾತ್ರಿ ಪಾಳಿಯಲ್ಲಿ ಕಟ್ಟಿದರು. ಸೋನಿಯ ಚಿಪ್ ಕಾರ್ಖಾನೆ ಮೊದಲಿನಿಂದ ಅಲ್ಲೇ ಪಕ್ಕದಲ್ಲಿದೆ. ಈ ಕೆಲಸ ಗೊತ್ತಿರುವ ಜನ, ಸಾಮಾನು ಒದಗಿಸುವವರು ಎಲ್ಲ ಹತ್ತಿರದಲ್ಲೇ ಇದ್ದರು.

ಅರಿಜೋನಾದಲ್ಲಿ 2021ರಲ್ಲಿ ಶುರು ಮಾಡಿ 2024ಕ್ಕೆ ಉತ್ಪಾದನೆ ಅಂದಿದ್ದರು. 2023ರ ಜುಲೈನಲ್ಲಿ ಅದನ್ನು 2025ಕ್ಕೆ ಮುಂದೂಡಿದರು. ಯಂತ್ರ ಕೂರಿಸುವ ನುರಿತ ಜನ ಸಾಲದು ಎಂಬುದು ಕಂಪನಿ ಕೊಟ್ಟ ಕಾರಣ. ತೈವಾನ್‌ನಿಂದ ಜನ ಕರೆಸಲು ಹೋದಾಗ ಅರಿಜೋನಾದ ಕಾರ್ಮಿಕ ಸಂಘಗಳು ವಿರೋಧಿಸಿದವು. ಕೊನೆಗೆ ಆ ಹೊಸ ಗಡುವಿಗಿಂತ ಸ್ವಲ್ಪ ಮೊದಲೇ, 2024ರ ಕೊನೆಯಲ್ಲಿ, ಉತ್ಪಾದನೆ ಶುರುವಾಯಿತು. ಒಂದು ಮಾತು ಮರೆಯಬೇಡಿ: ಅರಿಜೋನಾದ್ದು 4 ನ್ಯಾನೋಮೀಟರ್ ಚಿಪ್, ಕುಮಾಮೊಟೊದ್ದು 12ರಿಂದ 28; ಈ ಸಂಖ್ಯೆ ಚಿಕ್ಕದಾದಷ್ಟೂ ಚಿಪ್ ಸೂಕ್ಷ್ಮ, ಮಾಡುವುದು ಕಷ್ಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಅಲ್ವಾ?

ನಿಮ್ಮೂರಿನ ಹಳೇ ಹತ್ತಿ ಮಿಲ್ಲುಗಳನ್ನೇ ನೆನೆಸಿಕೊಳ್ಳಿ. ಗಾಳಿಯಲ್ಲಿ ತೇವ ಕಡಿಮೆಯಾದರೆ ನೂಲು ತುಂಡಾಗುತ್ತದೆ, ಅದಕ್ಕೇ ಮಿಲ್ಲಿನೊಳಗೆ ತೇವ ಕಾಯಬೇಕು. ಚಿಪ್ ಕಾರ್ಖಾನೆಯಲ್ಲಿ ಈ ಎಚ್ಚರಿಕೆ ಎಷ್ಟೋ ಪಟ್ಟು ಜಾಸ್ತಿ. ಕಣ್ಣಿಗೆ ಕಾಣದ ಧೂಳು, ನೆಲದ ಸಣ್ಣ ನಡುಕ, ನೀರು ಮತ್ತು ಅನಿಲದ ಶುದ್ಧತೆ, ಎಲ್ಲವನ್ನೂ ಕಾಯಬೇಕು. ಒಂದು ಪೈಪಿನ ವೆಲ್ಡಿಂಗ್ ಕೆಟ್ಟರೂ ಮತ್ತೆ ಮಾಡಿ, ಮತ್ತೆ ಪರೀಕ್ಷಿಸಬೇಕು. ದಿನಗಳು ಹೋಗುವುದು ಇಲ್ಲೇ. ಕಾಂಕ್ರೀಟಿನ ಜೊತೆಗೆ ಕ್ಲೀನ್‌ರೂಮ್ (ಧೂಳು ಬಾರದಂತೆ ಕಾಯುವ ಕೋಣೆ) ಮತ್ತು ಪೈಪಿಂಗ್ ಕೂಡ ಕಲಿಯಿರಿ. ಗುಜರಾತಿನ ಧೊಲೇರಾದಲ್ಲಿ ಟಾಟಾದವರ ಚಿಪ್ ಕಾರ್ಖಾನೆಗೂ ಅಂಥವರೇ ಬೇಕು.