ವಿಸ್ಮಾರ್ ಅಷ್ಟೊಂದು ಸಣ್ಣ ಊರಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಮೂರು. ವಿಸ್ಮಾರ್‌ನಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ, ಮ್ಯಾಪ್ ನೋಡಿದರೆ ಚುಕ್ಕಿಯಷ್ಟು ಊರು, ಬರ್ಲಿನ್ ಮ್ಯೂನಿಕ್ ಬಿಟ್ಟು ಅಲ್ಲಿಗೆ ಬಂದರೆ ಬೇಜಾರಾಗಲ್ವಾ ಅಕ್ಕ ಅಂತ ಒಂದು. ಹೇಗೂ ಸಮುದ್ರ ಇದೆಯಲ್ಲ, ಗಂಗೊಳ್ಳಿಯಲ್ಲಿ ಹುಟ್ಟಿದ ನನಗೆ ಹೊಂದಿಕೊಳ್ಳೋದು ಸುಲಭವಾ ಅಂತ ಇನ್ನೊಂದು. ರೂಮು, ಊಟ, ಕೆಲಸ ಹೇಗೆ ಅಂತ ಮೂರನೇದು. ಮೂರನೇದಕ್ಕೆ ಎಲ್ಲರೂ ಉತ್ತರ ಕೊಡುತ್ತಾರೆ, ನಾನೂ ಕೊನೆಯಲ್ಲಿ ಕೊಡುತ್ತೇನೆ. ಮೊದಲೆರಡರ ಬಗ್ಗೆ ಜಾಸ್ತಿ ಹೇಳಬೇಕು. ಇಲ್ಲಿಗೆ ಬರುವ ನಮ್ಮ ಹುಡುಗರಲ್ಲಿ ಎಷ್ಟೋ ಜನ ಹಾಸ್ಟೆಲ್, ಕಾಲೇಜು, ಸೂಪರ್‌ಮಾರ್ಕೆಟ್ ಅಂತ ತಿರುಗಿ, "ಇಲ್ಲೇನಿದೆ" ಅಂತ ಗೊಣಗುತ್ತಾ ಡಿಗ್ರಿ ಮುಗಿಸಿ ಹೊರಟುಬಿಡುತ್ತಾರೆ. ಈ ಊರು ಯಾಕೆ ಹೀಗಿದೆ ಅಂತ ತಿಳಿದುಕೊಂಡು ಬಂದವರು ಮಾತ್ರ ಇಲ್ಲಿ ಖುಷಿಯಾಗಿ ಇದ್ದಿದ್ದನ್ನು ನೋಡಿದ್ದೇನೆ.

ಮೊದಲು ಸಮುದ್ರದ ವಿಷಯ. ನಿನ್ನ ಕಡಲಿಗೂ ಈ ಕಡಲಿಗೂ ಸಂಬಂಧವೇ ಇಲ್ಲ. ವಿಸ್ಮಾರ್ ಇರುವುದು ಜರ್ಮನಿಯ ಉತ್ತರದಲ್ಲಿ, ಮೆಕ್ಲೆನ್‌ಬುರ್ಗ್-ಫೋರ್‌ಪೊಮ್ಮರ್ನ್ ರಾಜ್ಯದಲ್ಲಿ, ಲ್ಯೂಬೆಕ್ ಮತ್ತು ರೋಸ್ಟಾಕ್ ಮಧ್ಯೆ. ಎದುರಿಗೆ ಬಾಲ್ಟಿಕ್ ಸಮುದ್ರ. ಅದು ಅಟ್ಲಾಂಟಿಕ್ ಕಡೆಗೆ ತೆರೆದುಕೊಳ್ಳುವುದು ಡೆನ್ಮಾರ್ಕ್ ಬಳಿಯ ಕಿರಿದಾದ ಜಲಸಂಧಿಗಳಿಂದ ಮಾತ್ರ. ಹಾಗಾಗಿ ಉಬ್ಬರ ಇಳಿತ ಇಲ್ಲಿ ಇಲ್ಲ ಅಂತಲೇ ಅನ್ನಬಹುದು, ಇದ್ದರೂ ಗೇಣಿನಷ್ಟು. ಸುತ್ತಲಿನ ದೇಶಗಳ ನದಿಗಳೆಲ್ಲ ಬಂದು ಸೇರುವುದರಿಂದ ನೀರಿಗೆ ಅರಬ್ಬಿ ಸಮುದ್ರದ ಅರ್ಧದಷ್ಟೂ ಉಪ್ಪಿಲ್ಲ. ಇಲ್ಲಿ ನೀರನ್ನು ಏರಿಸುವುದು, ಇಳಿಸುವುದು ಚಂದ್ರ ಅಲ್ಲ, ಗಾಳಿ. ಈಶಾನ್ಯದಿಂದ ಜೋರು ಗಾಳಿ ಹೊಡೆದರೆ ನೀರು ಕೊಲ್ಲಿಯೊಳಗೆ ತುಂಬಿಕೊಂಡು ಹಳೇ ಬಂದರಿನ ಕಟ್ಟೆ ಮುಳುಗುತ್ತದೆ. ನೈಋತ್ಯದಿಂದ ಬೀಸಿದರೆ ನೀರು ಆಚೆಗೆ ಹೋಗಿ, ದಡದ ಹತ್ತಿರ ಕೆಸರು, ಪಾಚಿ, ಚಿಪ್ಪು ಎಲ್ಲ ಮೇಲೆ ಕಾಣುತ್ತವೆ. 1872ರ ನವೆಂಬರ್ ಚಂಡಮಾರುತದಲ್ಲಿ ಈ ಕರಾವಳಿಯ ಕೆಲವು ಕಡೆ ನೀರು ಮಾಮೂಲಿಗಿಂತ ಮೂರು ಮೀಟರ್ ಮೇಲೆ ಬಂದಿತ್ತು. 2023ರ ಅಕ್ಟೋಬರ್‌ನಲ್ಲೂ ದೊಡ್ಡ ನೆರೆ ಬಂತು. ಆದ್ದರಿಂದ ಇಲ್ಲಿಯವರು ಬೆಳಿಗ್ಗೆ ಎದ್ದರೆ ಮೊದಲು ಗಾಳಿ ಯಾವ ಕಡೆಯದು ಅಂತ ನೋಡುತ್ತಾರೆ. ನಿನಗೂ ಅದೇ ಅಭ್ಯಾಸ ಆಗುತ್ತದೆ ನೋಡು.

ಊರು ಕೊಲ್ಲಿಯ ಒಳತುದಿಯಲ್ಲಿದೆ. ಎದುರಿಗೆ ಪೋಲ್ ಅನ್ನುವ ದ್ವೀಪ, ಅದೇ ಊರಿಗೆ ಅಡ್ಡಗೋಡೆ. ತೆರೆಗಳ ಅಬ್ಬರ ಅಲ್ಲೇ ನಿಂತುಹೋಗುತ್ತದೆ, ಒಳಗೆ ನೀರು ಶಾಂತ. ಹಡಗು ನಿಲ್ಲಿಸುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ವಿಸ್ಮಾರ್ ಹುಟ್ಟಿದ್ದೇ ಇದಕ್ಕಾಗಿ. ಹೆಸರು ಕಾಗದಪತ್ರಗಳಲ್ಲಿ ಬರುವುದು 1229ರಲ್ಲಿ. 1259ರಲ್ಲಿ ಲ್ಯೂಬೆಕ್, ರೋಸ್ಟಾಕ್, ವಿಸ್ಮಾರ್ ಮೂರೂ ಸೇರಿ ಕಡಲ್ಗಳ್ಳರ ವಿರುದ್ಧ ಒಪ್ಪಂದ ಮಾಡಿಕೊಂಡವು. ಆಮೇಲೆ ಹಾನ್ಸಾ ಅಂತ ಹೆಸರಾದ ವ್ಯಾಪಾರಿ ಊರುಗಳ ಕೂಟಕ್ಕೆ ಇಂಥ ಒಪ್ಪಂದಗಳೇ ಬುನಾದಿ. ಆ ವ್ಯಾಪಾರದ ದೊಡ್ಡ ಸರಕು ಹೆರಿಂಗ್ ಮೀನು. ನಮ್ಮ ಬೂತಾಯಿಯ ಬಳಗದ್ದೇ, ಸ್ವಲ್ಪ ದೊಡ್ಡದು. ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ ಮುಟ್ಟುತ್ತಿರಲಿಲ್ಲ, ಮೀನು ತಿನ್ನಬಹುದಿತ್ತು. ಒಳನಾಡಿನ ಲ್ಯೂನೆಬುರ್ಗ್ ಅನ್ನುವ ಊರಿನಿಂದ ಉಪ್ಪು ಬರುತ್ತಿತ್ತು. ಉಪ್ಪು ಹಾಕಿ ಪೀಪಾಯಿಗೆ ತುಂಬಿದ ಹೆರಿಂಗ್ ಯುರೋಪಿನ ಒಳನಾಡಿಗೆಲ್ಲ ಹೋಗುತ್ತಿತ್ತು. ಜೊತೆಗೆ ವಿಸ್ಮಾರ್ ಬಿಯರ್ರೂ ಹಡಗು ಹತ್ತುತ್ತಿತ್ತು. ಮೀನು, ಉಪ್ಪು, ಬಿಯರ್ ಈ ಮೂರರ ದುಡ್ಡಿನಲ್ಲೇ ಈ ಊರಿನವರು ಆ ದೊಡ್ಡ ದೊಡ್ಡ ಚರ್ಚುಗಳನ್ನು ಕಟ್ಟಿದ್ದು.

ಆ ಚರ್ಚುಗಳ ಬಗ್ಗೆ ಹೇಳದೆ ನನಗೆ ಸಮಾಧಾನ ಇಲ್ಲ. ನಾನು ಚಿತ್ರದುರ್ಗದವಳು, ಕಲ್ಲು ನೋಡುತ್ತಾ ಬೆಳೆದವಳು. ಇಲ್ಲಿ ಕಲ್ಲುಬೆಟ್ಟ ಅನ್ನುವುದೇ ಇಲ್ಲ. ಹಿಮಯುಗದಲ್ಲಿ ಉತ್ತರದಿಂದ ಜಾರಿ ಬಂದ ಮಂಜುಗಡ್ಡೆ ತಂದು ಸುರಿದ ಜೇಡಿಮಣ್ಣು, ಮರಳು, ಅಲ್ಲೊಂದು ಇಲ್ಲೊಂದು ಸ್ಕ್ಯಾಂಡಿನೇವಿಯಾದ ಗುಂಡುಕಲ್ಲು, ಅಷ್ಟೇ ಈ ನೆಲ. ಹಾಗಾಗಿ ಮಣ್ಣನ್ನೇ ಸುಟ್ಟು ಇಟ್ಟಿಗೆ ಮಾಡಿ ಆಕಾಶಕ್ಕೆ ಏರಿಸಿದರು. ಸೇಂಟ್ ನಿಕೊಲಾಯ್ ಚರ್ಚಿನ ಒಳಗೆ ಹೋಗಿ ತಲೆ ಎತ್ತಿ ನೋಡು, ಚಾವಣಿ 37 ಮೀಟರ್ ಮೇಲಿದೆ, ಎಲ್ಲವೂ ಇಟ್ಟಿಗೆ. ಹೊರಗಿನ ಗೋಡೆ ಹತ್ತಿರ ಹೋಗಿ ಕೈಯಾಡಿಸು. ಒಂದೊಂದು ಇಟ್ಟಿಗೆಗೂ ಒಂದೊಂದು ಬಣ್ಣ, ಕೆಲವು ಸುಟ್ಟು ಕರ್ರಗಾಗಿ ಹೊಳೆಯುತ್ತವೆ, ಕೆಲವು ಕಡೆ ಮಳೆಗಾಳಿಗೆ ಅಂಚು ಉದುರಿದೆ. ಪಕ್ಕದಲ್ಲೇ ಗ್ರೂಬೆ ಅನ್ನುವ ಕಾಲುವೆ, ಊರೊಳಗೆ ಹರಿದು ಬಂದರಿಗೆ ಸೇರುತ್ತದೆ. ಮನುಷ್ಯರೇ ತೋಡಿದ್ದು, ಮಧ್ಯಯುಗದ ಕಾಲದ್ದು. ನನಗೆ ಈ ಊರಿನಲ್ಲಿ ತುಂಬಾ ಇಷ್ಟವಾದ ಜಾಗ ಅದೇ.

ಮಾರುಕಟ್ಟೆ ಚೌಕವೂ ನೋಡಬೇಕಾದ್ದು. ಉದ್ದ ಅಗಲ ಎರಡೂ ಸುಮಾರು ನೂರು ಮೀಟರ್. ಮಧ್ಯೆ ಒಂದು ಮಂಟಪ ಕಾಣುತ್ತದೆ, ಅದು ಹಳೇ ಕಾಲದ ನೀರು ಸರಬರಾಜು ಕೇಂದ್ರ. 1580ರಿಂದ 1602ರವರೆಗೆ ಕಟ್ಟಿದ್ದು. ಊರಾಚೆಯ ಬುಗ್ಗೆಯಿಂದ ಮರದ ಕೊಳವೆಗಳಲ್ಲಿ ನೀರು ತಂದು ಮನೆಮನೆಗೆ ಕೊಡುತ್ತಿದ್ದರು. 1897ರವರೆಗೂ ಊರು ಇದೇ ನೀರು ಕುಡಿದಿದೆ.

ಈಗ ಮುಖ್ಯ ಕಥೆ. ಊರಿನ ತುಂಬ ನೀನು ಸ್ವೀಡನ್ ಹೆಸರು ನೋಡುತ್ತೀಯ, ಜರ್ಮನಿಯ ಊರಿನಲ್ಲಿ ಇದೇನು ಅಂತ ಅನ್ನಿಸುತ್ತದೆ. ಯುರೋಪಿನ ರಾಜರುಗಳು ಹೊಡೆದಾಡಿಕೊಂಡ ಮೂವತ್ತು ವರ್ಷಗಳ ಯುದ್ಧ ಮುಗಿದಾಗ, 1648ರಲ್ಲಿ, ವಿಸ್ಮಾರ್ ಸ್ವೀಡನ್ ರಾಜರ ಪಾಲಿಗೆ ಹೋಯಿತು. ಬಂದರಿಗಾಗಿಯೇ ಅವರು ಬಿಡದೆ ಹಿಡಿದುಕೊಂಡಿದ್ದು. ಊರನ್ನು ದೊಡ್ಡ ಕೋಟೆಯಾಗಿ ಮಾಡಿದರು. ಜರ್ಮನಿಯಲ್ಲಿದ್ದ ತಮ್ಮ ಸೀಮೆಗಳಿಗೆಲ್ಲ ಉಚ್ಚ ನ್ಯಾಯಾಲಯವನ್ನು ಇಲ್ಲೇ ಇಟ್ಟರು. ಆಮೇಲೆ ದುಡ್ಡಿನ ಮುಗ್ಗಟ್ಟು ಬಂತು. 1803ರಲ್ಲಿ ಊರನ್ನು ಮನೆಯ ಚಿನ್ನ ಅಡವಿಡುವ ಹಾಗೆ ಮೆಕ್ಲೆನ್‌ಬುರ್ಗ್ ಡ್ಯೂಕನ ಹತ್ತಿರ ಅಡವಿಟ್ಟರು. ಆಗಿನ ನಾಣ್ಯವಾದ ರಿಕ್ಸ್‌ಡಾಲರ್ ಲೆಕ್ಕದಲ್ಲಿ ಸುಮಾರು ಹನ್ನೆರಡೂವರೆ ಲಕ್ಷಕ್ಕೆ, ನೂರು ವರ್ಷಕ್ಕೆ! ನೂರು ವರ್ಷ ತುಂಬಿದಾಗ, 1903ರಲ್ಲಿ, ಬಿಡಿಸಿಕೊಳ್ಳುವ ಹಕ್ಕನ್ನು ಸ್ವೀಡನ್ ಕೈಬಿಟ್ಟಿತು. ಅಂದರೆ ಕಾನೂನಿನ ಲೆಕ್ಕದಲ್ಲಿ ಇದು ಪೂರ್ತಿ ಜರ್ಮನಿಯದಾಗಿ ಇನ್ನೂ ಸುಮಾರು ನೂರಿಪ್ಪತ್ತು ವರ್ಷ ಅಷ್ಟೇ. ಇದನ್ನು ಇಲ್ಲಿಯವರು ಮರೆತಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಸ್ವೀಡನ್ ಹಬ್ಬ ಮಾಡುತ್ತಾರೆ, ಹಳೇ ಸೈನಿಕರ ಉಡುಪು ಹಾಕಿ ಮೆರವಣಿಗೆ ಬರುತ್ತಾರೆ. ಬಂದರಿನ ಹತ್ತಿರ ದೊಡ್ಡ ಮೀಸೆಯ, ಬಣ್ಣ ಬಳಿದ ಎರಡು ತಲೆಗಳಿವೆ, ಅವನ್ನೂ ಸ್ವೀಡನ್ ತಲೆಗಳು ಅಂತಲೇ ಕರೆಯುತ್ತಾರೆ. 1700ರಲ್ಲಿ ಸ್ವೀಡನ್‌ನವರು ಕಟ್ಟಿದ ಆಯುಧಾಗಾರ ಈಗ ಊರಿನ ಲೈಬ್ರರಿ. ಚಳಿಗಾಲದಲ್ಲಿ ಓದೋಕೆ ಅಲ್ಲಿಗೆ ಹೋಗು, ಬೆಚ್ಚಗಿರುತ್ತದೆ.

1945 ಈ ಊರಿಗೆ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ, ಯುದ್ಧ ಇನ್ನೇನು ಮುಗಿಯಬೇಕು ಅನ್ನುವಾಗ, ಬಾಂಬ್ ಬಿದ್ದು ಸೇಂಟ್ ಮೇರಿ, ಸೇಂಟ್ ಜಾರ್ಜ್ ಎರಡೂ ಚರ್ಚುಗಳು ಹಾಳಾದವು. ಮೇ 2ಕ್ಕೆ ಬ್ರಿಟಿಷ್ ಸೇನೆಯ ಜೊತೆಗಿದ್ದ ಕೆನಡಾದ ಪ್ಯಾರಾಶೂಟ್ ಪಡೆ ಪಶ್ಚಿಮದಿಂದ ಬಂತು, ಪೂರ್ವದಿಂದ ರಷ್ಯನ್ ಸೇನೆ ಬಂತು. ಮೇ 7ರಂದು ಎರಡೂ ಕಡೆಯ ಸೇನಾಪತಿಗಳು, ಬ್ರಿಟಿಷರ ಮಾಂಟ್ಗೊಮರಿ ಮತ್ತು ಸೋವಿಯತ್ ಒಕ್ಕೂಟದ ರೊಕೊಸ್ಸೊವ್‌ಸ್ಕಿ, ಇದೇ ಊರಿನಲ್ಲಿ ಭೇಟಿಯಾದರು. ಜುಲೈ ಹೊತ್ತಿಗೆ ಬ್ರಿಟಿಷರು ಹಿಂದಕ್ಕೆ ಸರಿದರು, ವಿಸ್ಮಾರ್ ಸೋವಿಯತ್ ಪಾಲಾಯಿತು. ಆಮೇಲೆ ಜರ್ಮನಿ ಎರಡು ದೇಶವಾದಾಗ ಇಲ್ಲಿಂದ ಪಶ್ಚಿಮಕ್ಕೆ ಇರುವ ಲ್ಯೂಬೆಕ್ ಪಶ್ಚಿಮ ಜರ್ಮನಿ, ಇದು ಪೂರ್ವ ಜರ್ಮನಿ. ನಿನ್ನ ನೆರೆಮನೆಯ ಅಜ್ಜ ಅಜ್ಜಿಯರ ಇಡೀ ಬದುಕು ಆ ಎರಡು ದೇಶಗಳ ನಡುವಿನ ಗೆರೆಯ ಮೇಲೆ ನಿಂತಿದೆ, ಇದನ್ನು ಮನಸ್ಸಿನಲ್ಲಿಟ್ಟುಕೋ. ಪೂರ್ವ ಜರ್ಮನಿ ಕಾಲದಲ್ಲಿ ಹಡಗು ಕಟ್ಟುವ ಕಾರ್ಖಾನೆ ದೊಡ್ಡದಾಯಿತು, ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು. ಆದರೆ ಸೇಂಟ್ ಮೇರಿ ಚರ್ಚಿನ ಉಳಿದ ಗೋಡೆಗಳನ್ನು 1960ರಲ್ಲಿ ಸಿಡಿಮದ್ದು ಇಟ್ಟು ಬೀಳಿಸಿದರು. ಈಗ 80 ಮೀಟರ್ ಗೋಪುರ ಒಂದೇ ನಿಂತಿದೆ. ಸೇಂಟ್ ಜಾರ್ಜ್ ಚರ್ಚನ್ನು ಜರ್ಮನಿ ಒಂದಾದ ಮೇಲೆ, 1990ರಿಂದ 2010ರವರೆಗೆ ಮತ್ತೆ ಕಟ್ಟಿದರು. 2002ರಲ್ಲಿ ಹಳೇ ಊರು, ಇದೇ ಕರಾವಳಿಯ ಸ್ಟ್ರಾಲ್‌ಸುಂಡ್ ಅನ್ನುವ ಊರಿನ ಜೊತೆ, ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಅದೇ 1990ರ ನಂತರ ಕಾರ್ಖಾನೆಗಳು ಮುಚ್ಚಿ, ವಯಸ್ಸಿನ ಹುಡುಗರು ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ಹೋದರು. 55 ಸಾವಿರಕ್ಕೂ ಮೇಲಿದ್ದ ಜನಸಂಖ್ಯೆ ಈಗ 44 ಸಾವಿರದ ಆಸುಪಾಸು. ಬೀದಿಯಲ್ಲಿ ವಯಸ್ಸಾದವರೇ ಜಾಸ್ತಿ ಕಾಣುವುದು ಅದಕ್ಕೇ. ಬಂದರಿನ ಪಕ್ಕ 70 ಮೀಟರ್‌ಗಿಂತ ಎತ್ತರದ ಹಡಗು ಕಟ್ಟುವ ಶೆಡ್ ಇದೆ, ಊರಿನ ಎಲ್ಲ ಕಡೆಯಿಂದಲೂ ಕಾಣುತ್ತದೆ. 2022ರ ಜನವರಿಯಲ್ಲಿ ಅಲ್ಲಿನ ಕಂಪನಿ ದಿವಾಳಿಯಾದಾಗ ಇಡೀ ಊರಿಗೇ ಸೂತಕ ಹಿಡಿದ ಹಾಗಿತ್ತು. ಅದೇ ವರ್ಷ ಸಬ್‌ಮರೀನ್ ಕಟ್ಟುವ ಬೇರೆ ಕಂಪನಿ ಆ ಜಾಗ ಕೊಂಡಿತು. ಮೀನುಗಾರರದ್ದು ಇನ್ನೂ ಕಷ್ಟ. ಪಶ್ಚಿಮ ಬಾಲ್ಟಿಕ್‌ನಲ್ಲಿ ಹೆರಿಂಗ್ ಕಡಿಮೆಯಾಗಿದೆ ಅಂತ 2022ರಿಂದ ಯುರೋಪಿಯನ್ ಯೂನಿಯನ್ ಅದನ್ನು ಹಿಡಿಯುವುದನ್ನೇ ನಿಲ್ಲಿಸಿದೆ, ಸಣ್ಣ ದೋಣಿಗಳಿಗೆ ಮಾತ್ರ ಸ್ವಲ್ಪ ವಿನಾಯಿತಿ. ಮೀನಿನ ದುಡ್ಡಿನಲ್ಲಿ ಬೆಳೆದ ಊರಿಗೆ ಇಂಥ ಸ್ಥಿತಿ ಬಂತಲ್ಲ ಅಂತ ನನಗೆ ನಿಜವಾಗಿ ಸಂಕಟ ಆಗುತ್ತದೆ. ನೀನು ಮೀನುಗಾರರ ಊರಿನವನು, ಬಂದರಿನ ಮುದುಕರ ಜೊತೆ ಮಾತಾಡು. ಬಲೆ, ದೋಣಿ, ಡೀಸೆಲ್ ಬೆಲೆ ಅಂತ ಶುರು ಮಾಡಿದರೆ ಸಾಕು, ಅರೆಬರೆ ಜರ್ಮನ್‌ನಲ್ಲೂ ಸ್ನೇಹ ಆಗುತ್ತದೆ.

ಹಳೇ ಬಂದರಿನಲ್ಲಿ ದೋಣಿಗಳ ಮೇಲೆಯೇ ಮೀನಿನ ಬನ್ನು ಮಾರುತ್ತಾರೆ. ಗರಿಗರಿ ಬನ್ನು ಸೀಳಿ, ವಿನೆಗರ್‌ನಲ್ಲಿ ನೆನೆಸಿದ ಹೆರಿಂಗ್, ಹಸಿ ಈರುಳ್ಳಿ, ಉಪ್ಪಿನಲ್ಲಿಟ್ಟ ಸೌತೆಕಾಯಿ ಇಟ್ಟು ಕೊಡುತ್ತಾರೆ. ಬಾಲ ಹೊರಗೇ ನೇತಾಡುತ್ತಿರುತ್ತದೆ. ಗೋಡೆಗೆ ಬೆನ್ನು ಕೊಟ್ಟು ನಿಂತು ತಿನ್ನು, ಇಲ್ಲದಿದ್ದರೆ ಕಡಲಹಕ್ಕಿ ಹಿಂದಿನಿಂದ ಬಂದು ಕಿತ್ತುಕೊಂಡು ಹೋಗುತ್ತದೆ.

ಈಗ ಮೂರನೇ ಪ್ರಶ್ನೆ. ಡಿಸೆಂಬರ್‌ನಲ್ಲಿ ಸೂರ್ಯ ಎಂಟೂವರೆ ಹೊತ್ತಿಗೆ ಹುಟ್ಟಿ ನಾಲ್ಕಕ್ಕೆ ಮುಂಚೆ ಮುಳುಗುತ್ತಾನೆ. ಹಿಮ ಜಾಸ್ತಿ ಬೀಳಲ್ಲ, ಗಾಳಿ ಮತ್ತು ಜಿನುಗು ಮಳೆ ಜೀವ ತಿನ್ನುತ್ತವೆ. ದಪ್ಪ ಸ್ವೆಟರ್‌ಗಿಂತ ಗಾಳಿ ತಡೆಯುವ ಜಾಕೆಟ್ ಮುಖ್ಯ, ಅದನ್ನು ಇಲ್ಲಿ ಬಂದೇ ತಗೋ. ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ, ಆಗ ಪೋಲ್‌ಗೆ ಸೈಕಲ್‌ನಲ್ಲಿ ಹೋಗಬಹುದು, ರಸ್ತೆ ಇದೆ. ರೂಮು ದೊಡ್ಡ ಊರುಗಳಿಗಿಂತ ಅಗ್ಗ. ಪಾರ್ಟ್‌ಟೈಮ್ ಕೆಲಸ ಬೇಸಿಗೆಯಲ್ಲಿ ಸಮುದ್ರ ತೀರದ ಹೋಟೆಲ್‌ಗಳಲ್ಲಿ ಸಿಗುತ್ತದೆ, ಚಳಿಗಾಲದಲ್ಲಿ ಕಷ್ಟ. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು. ಜರ್ಮನ್ ಬಾರದಿದ್ದರೆ ಇಲ್ಲಿ ಏನೂ ನಡೆಯಲ್ಲ, ಬರ್ಲಿನ್ ಹಾಗೆ ಇಂಗ್ಲಿಷ್‌ನಲ್ಲಿ ತಳ್ಳಿಬಿಡೋಕಾಗಲ್ಲ. ಬರುವ ಮುಂಚೆಯೇ ಕಲಿ. ಭಾನುವಾರ ಹೆಚ್ಚಿನ ಅಂಗಡಿ ಬಂದ್. ಅಕ್ಕಿ ಬೇಳೆ ಸಿಗುತ್ತದೆ, ಹುಣಸೆಹಣ್ಣು, ಕರಿಬೇವು ಅಂದರೆ ಹ್ಯಾಂಬರ್ಗ್‌ಗೆ ಹೋಗಬೇಕು.

ಒಂದನ್ನು ಮುಚ್ಚಿಡಲ್ಲ. 2025ರ ಫೆಬ್ರವರಿಯ ಸಂಸತ್ ಚುನಾವಣೆಯಲ್ಲಿ ಈ ರಾಜ್ಯದಲ್ಲಿ ವಲಸೆಯನ್ನು ವಿರೋಧಿಸುವ ಪಕ್ಷಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಓಟು ಬಿದ್ದಿದೆ. ಬಸ್ಸಿನಲ್ಲಿ ದುರುಗುಟ್ಟಿ ನೋಡುವವರು ಇದ್ದಾರೆ. ರಾತ್ರಿ ಕುಡಿದವರ ಗುಂಪು ಕಂಡರೆ ಸುಮ್ನೆ ರಸ್ತೆ ದಾಟಿಬಿಡು. ಆದರೆ ನಾನು ಜ್ವರದಲ್ಲಿ ಮಲಗಿದ್ದಾಗ ಸೂಪ್ ತಂದು ಬಾಗಿಲಲ್ಲಿಟ್ಟು ಹೋದ ಅಜ್ಜಿಯೂ ಇದೇ ಊರಿನವರು. ಮೊದಲ ಚಳಿಗಾಲದಲ್ಲಿ ಯಾರೂ ಮಾತಾಡಲ್ಲ ಅಂತ ನಿನಗೆ ಅನ್ನಿಸುತ್ತದೆ, ದಿನಾ ಎದುರಾದವರಿಗೆ ಮೊಯಿನ್ (ಇಲ್ಲಿಯವರ ನಮಸ್ಕಾರ) ಅಂತ ಹೇಳ್ತಾ ಇರು, ಎರಡನೇ ಚಳಿಗಾಲದ ಹೊತ್ತಿಗೆ ಅವರೇ ನಿಂತು ಮಾತಾಡಿಸುತ್ತಾರೆ.

ಹಾಸ್ಟೆಲ್ ಅರ್ಜಿ ಇವತ್ತೇ ಹಾಕು, ತಡ ಮಾಡಬೇಡ. ಹ್ಯಾಂಬರ್ಗ್‌ನಿಂದ ರೋಸ್ಟಾಕ್ ಕಡೆ ಹೋಗುವ ರೈಲು ಹತ್ತಿ ಬಾಡ್ ಕ್ಲೈನೆನ್‌ನಲ್ಲಿ ಇಳಿದು ಗಾಡಿ ಬದಲಿಸಬೇಕು. ಬದಲಿಸೋಕೆ ಟೈಮ್ ಕಡಿಮೆ ಇರುತ್ತದೆ, ಮೂರು ಮೂರು ಸೂಟ್‌ಕೇಸ್ ತರಬೇಡ. ಟಿಕೆಟ್ ಆದ ಮೇಲೆ ದಿನ ತಿಳಿಸು, ಸ್ಟೇಷನ್‌ಗೆ ನಾನೇ ಬರ್ತೀನಿ.