ಓದುಗರ ಪ್ರಶ್ನೆ: ವೈರ್‌ಲೆಸ್‌ನಲ್ಲಿ 16ನೇ ಚಾನೆಲ್ ಯಾಕೆ ಆನ್ ಇರಬೇಕು?

ಮಳೆಗಾಲದ ರಜೆ ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿದ ಮೇಲೆ ಬಂದ ಪತ್ರಗಳಲ್ಲಿ ವೈರ್‌ಲೆಸ್ ಬಗ್ಗೆ ಕೇಳಿದವೇ ಜಾಸ್ತಿ. ನಾನು ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದವನು. ಹಾಗಾಗಿ ಸಂಪಾದಕರು ಅವನ್ನೆಲ್ಲ ಒಟ್ಟಿಗೆ ನನಗೆ ಕಳಿಸಿದ್ದಾರೆ.

ಸರ್, ನಾನು ಮಲ್ಪೆಯಲ್ಲಿ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ನಮ್ಮ ಗುಂಪಿನ ಬೋಟುಗಳು ಬೇರೆ ಒಂದು ಚಾನೆಲ್‌ನಲ್ಲಿ ಮಾತಾಡಿಕೊಳ್ಳುತ್ತೇವೆ. 16ರಲ್ಲಿ ದಿನವಿಡೀ ಯಾರ್ಯಾರೋ ಹರಟುತ್ತಾರೆ, ಕೆಲವರು ಹಾಡೂ ಹಾಕುತ್ತಾರೆ. ತಲೆ ಚಿಟ್ಟು ಹಿಡಿಯುತ್ತದೆ. ಅದನ್ನು ಕೇಳದೇ ಇದ್ದರೆ ತಪ್ಪಾ?

ತಪ್ಪು ತಾಂಡೇಲರೇ. ನಿಮ್ಮ ತಲೆನೋವು ನನಗೆ ಅರ್ಥವಾಗುತ್ತದೆ, ಆದರೂ ತಪ್ಪು.

16 ಅಂದರೆ 156.8 ಮೆಗಾಹರ್ಟ್ಜ್. ಇಡೀ ಪ್ರಪಂಚದ ಹಡಗು, ಬೋಟು, ಕೋಸ್ಟ್ ಗಾರ್ಡ್ ಎಲ್ಲರೂ ಅಪಾಯದ ಕರೆಗೆ ಅಂತ ಒಪ್ಪಿಕೊಂಡು ಬಿಟ್ಟಿರುವ ಚಾನೆಲ್ ಅದು. ಮೊದಲು ಅಲ್ಲಿ ಒಬ್ಬರನ್ನೊಬ್ಬರು ಕರೆಯಬಹುದು, ಆದರೆ ಕರೆದ ಕೂಡಲೇ ಬೇರೆ ಚಾನೆಲ್‌ಗೆ ಹೋಗಬೇಕು. ಮೀನು ಎಲ್ಲಿ ಸಿಕ್ಕಿತು, ದಕ್ಕೆಯಲ್ಲಿ (ಮೀನು ಇಳಿಸುವ ಕಟ್ಟೆಯಲ್ಲಿ) ಬಂಗುಡೆಗೆ ಎಷ್ಟು ರೇಟು, ಇವೆಲ್ಲ ಅಲ್ಲಿ ಬೇಡ.

ಹರಟೆಯಿಂದ ಏನು ಹಾಳು ಅಂತ ಕೇಳಬಹುದು. ಬೋಟಿನ ಈ ವೈರ್‌ಲೆಸ್‌ಗೆ, ಅಂದರೆ ವಿಎಚ್‌ಎಫ್ ಸೆಟ್ಟಿಗೆ, ಒಂದು ಗುಣ ಇದೆ. ಒಂದೇ ಚಾನೆಲ್‌ನಲ್ಲಿ ಇಬ್ಬರು ಏಕಕಾಲಕ್ಕೆ ಮಾತಾಡಿದರೆ ಜೋರಾಗಿ ಬರುವವನ ಧ್ವನಿ ಮಾತ್ರ ಕೇಳುತ್ತದೆ, ದೂರದವನ ಧ್ವನಿ ಪೂರ್ತಿ ಮುಚ್ಚಿಹೋಗುತ್ತದೆ. ಸಂತೆಯಲ್ಲಾದರೆ ಗಲಾಟೆಯ ನಡುವೆಯೂ ಯಾರೋ ಕೂಗಿದ್ದು ಸ್ವಲ್ಪ ಕಿವಿಗೆ ಬೀಳುತ್ತದೆ ಅಲ್ವಾ, ಇಲ್ಲಿ ಅಷ್ಟೂ ಬೀಳುವುದಿಲ್ಲ. ಪಕ್ಕದ ಬೋಟಿನವನು 25 ವ್ಯಾಟ್‌ನಲ್ಲಿ ಹಾಡು ಹಾಕಿ ಕೂತಿದ್ದರೆ, 8 ಮೈಲಿ ಆಚೆ ಮುಳುಗುತ್ತಿರುವವನು ಕರೆದಿದ್ದೇ ನಿಮಗೆ ಗೊತ್ತಾಗುವುದಿಲ್ಲ. ಬೇಕಂತಲೇ ಮಾಡದಿದ್ದರೂ ಇದು ಆಗುತ್ತದೆ. ಮೈಕನ್ನು ಸೀಟಿನ ಮೇಲೆ ಎಸೆದು ಅದರ ಗುಂಡಿ ಒತ್ತಿಹೋಗಿರುತ್ತದೆ, ಅವನ ಇಂಜಿನ್ ಸದ್ದು ಗಂಟೆಗಟ್ಟಲೆ ಎಲ್ಲರಿಗೂ ಕೇಳುತ್ತಿರುತ್ತದೆ. ದಯವಿಟ್ಟು ಮೈಕನ್ನು ಕೊಕ್ಕೆಗೇ ಸಿಗಿಸಿ.

ಇನ್ನೊಂದು, ದೂರದ ಲೆಕ್ಕ. ವಿಎಚ್‌ಎಫ್ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರವೇ ಹೋಗುವುದು. ನಿಮ್ಮ ಆಂಟೆನಾ ನೀರಿನಿಂದ 4 ಮೀಟರ್ ಎತ್ತರ, ಇನ್ನೊಂದು ಬೋಟಿನದೂ ಅಷ್ಟೇ ಅಂದರೆ ಸುಮಾರು 9 ನಾಟಿಕಲ್ ಮೈಲಿ. ದಡದಲ್ಲಿ 100 ಮೀಟರ್ ಎತ್ತರದ ಟವರ್ ಇದ್ದರೆ 26 ಮೈಲಿ ಇರಬಹುದು. ನೀವು 40 ಮೈಲಿ ಆಚೆ ಬಲೆ ಎಳೆಯುತ್ತಿರುವಾಗ ಪಕ್ಕದ ಬೋಟಿನವನು ಕರೆದರೆ ದಡಕ್ಕೆ ಕೇಳುವುದಿಲ್ಲ. ಅವನ ದನಿ ಕೇಳುವ ಕಿವಿ ಅಂದರೆ ನಿಮ್ಮದು, ನಿಮ್ಮ ಸುತ್ತಲಿನ ನಾಲ್ಕು ಬೋಟುಗಳದ್ದು, ದಾರಿಯಲ್ಲಿ ಹೋಗುವ ಯಾವುದಾದರೂ ದೊಡ್ಡ ಹಡಗಿನದ್ದು.

ಈಗ ಸ್ಕ್ವೆಲ್ಚ್ ಗುಂಡಿ. ಸುಮ್ನೆ 'ಸ್ಸ್' ಅನ್ನುವ ಸದ್ದು ಬರದಿರಲಿ ಅಂತ ಎಲ್ಲರೂ ಅದನ್ನು ಪೂರ್ತಿ ಬಲಕ್ಕೆ ತಿರುಗಿಸಿಬಿಡುತ್ತಾರೆ. ಸದ್ದೇನೋ ನಿಲ್ಲುತ್ತದೆ, ಜೊತೆಗೆ ಕ್ಷೀಣ ಕರೆಗಳೂ ನಿಲ್ಲುತ್ತವೆ. ಮೊದಲು ಎಡಕ್ಕೆ ತಿರುಗಿಸಿ, ಸದ್ದು ಬರಲಿ. ಆಮೇಲೆ ನಿಧಾನಕ್ಕೆ ಬಲಕ್ಕೆ, ಸದ್ದು ನಿಂತ ತಕ್ಷಣ ಕೈ ಬಿಡಿ. ಅಲ್ಲಿಂದ ಕೂದಲೆಳೆಯಷ್ಟೂ ಮುಂದೆ ಬೇಡ.

1998ರಲ್ಲಿ ಮುಂಬೈಯಿಂದ ಕೊಚ್ಚಿಗೆ ಹೋಗುತ್ತಿದ್ದ ಹಡಗಿನಲ್ಲಿ ನಾನಿದ್ದೆ. ರಾತ್ರಿ ಎರಡು ಗಂಟೆ ಇರಬೇಕು, ನಿದ್ದೆ ಬಾರದೆ ಬ್ರಿಡ್ಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಹೋದೆ. ಅಭ್ಯಾಸಬಲ, ಗುಂಡಿ ಮುಟ್ಟಿ ನೋಡಿದೆ. ಯಾರೋ ಬಲಕ್ಕೆ ತಿರುಗಿಸಿಟ್ಟಿದ್ದರು. ಹಿಂದಕ್ಕೆ ತಂದೆ. ಆ 'ಸ್ಸ್' ಒಳಗೆ ಒಬ್ಬ ಗಂಡಸಿನ ಧ್ವನಿ, ತುಂಡು ತುಂಡು ಮಲಯಾಳ. ನನಗೆ ಅರ್ಥವಾಗಿದ್ದು ಒಂದೇ ಮಾತು, 'ವೆಳ್ಳಂ'. ನೀರು. ಕ್ಯಾಪ್ಟನ್ ಎದ್ದು ಬಂದರು, ಮಲಯಾಳ ಬರುವ ಅಡುಗೆಯವರನ್ನು ಎಬ್ಬಿಸಿ ಕರೆತಂದೆವು, ಅವರೇ ಮೈಕ್ ಹಿಡಿದು ಜಾಗ ಕೇಳಿದರು. ಬೆಳಕು ಹರಿಯುವ ಮುಂಚೆ 5 ಜನರನ್ನು ಹತ್ತಿಸಿಕೊಂಡೆವು. ಅವರ ಬೋಟು ನಮ್ಮ ಕಣ್ಣೆದುರೇ ಮೂತಿ ಮೇಲೆ ಮಾಡಿ ಹೋಯಿತು. ಆ ಮೊದಲು ಅವರು ಕರೆದ ಹೊತ್ತಿನ ಬಗ್ಗೆ ಇವತ್ತಿಗೂ ಯೋಚನೆ ಬರುತ್ತದೆ. ಒಂದು ಗಂಟೆ ಹೊತ್ತಿನಿಂದ ಕರೆಯುತ್ತಿದ್ದೆವು ಅಂದರು.

ನಿಮ್ಮ ಸೆಟ್ಟಿನಲ್ಲಿ ಡ್ಯುಯಲ್ ವಾಚ್ ಅನ್ನುವ ಗುಂಡಿ ಇರುತ್ತದೆ ನೋಡಿ. ಅದನ್ನು ಒತ್ತಿದರೆ ನಿಮ್ಮ ಗುಂಪಿನ ಚಾನೆಲ್ ಜೊತೆ 16ನ್ನೂ ಅದೇ ಕೇಳುತ್ತಿರುತ್ತದೆ. ಎರಡು ಸೆಟ್ಟು ಇದ್ದರೆ ಒಂದನ್ನು 16ಕ್ಕೇ ಬಿಟ್ಟುಬಿಡಿ. ಮತ್ತೆ 16ರಲ್ಲಿ ಹಾಡು ಹಾಕುವವನು ಸಿಕ್ಕರೆ ದಕ್ಕೆಯಲ್ಲಿ ಅವನ ಭುಜದ ಮೇಲೆ ಕೈ ಇಟ್ಟು ಇದನ್ನೆಲ್ಲ ಹೇಳಿ. ಮೈಕ್‌ನಲ್ಲಿ ಬೈಯಬೇಡಿ, ಅದೂ 16ನ್ನೇ ತುಂಬಿಸುತ್ತದೆ.

ಹೋದ ವರ್ಷ ಒಂದು ಸಂಜೆ ಯಾರೋ 'ಮೇಡೇ' ಅಂದಂತೆ ಕೇಳಿತು. ನನಗೆ ಇಂಗ್ಲಿಷ್ ಬಾರದು, ಏನು ಹೇಳಬೇಕು ಗೊತ್ತಾಗದೆ ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಬೇರೆ ಯಾರೋ ಉತ್ತರ ಕೊಟ್ಟರು. ನಾನು ಮಾಡಿದ್ದು ಸರಿಯಾ? — ಭಟ್ಕಳದ ಓದುಗರು

ಮೇಡೇ ಅಂದರೆ ಜೀವಕ್ಕೆ ಅಪಾಯ ಬಂದಾಗ ಕೊಡುವ ಕರೆ. ಮೊದಲು ಸುಮ್ಮನಿದ್ದದ್ದು ಸರಿ ಅಣ್ಣ. ಹತ್ತಿರದ ಹಡಗು ಅಥವಾ ಕೋಸ್ಟ್ ಗಾರ್ಡ್ ಉತ್ತರ ಕೊಡಲಿ ಅಂತ ಸ್ವಲ್ಪ ಕಾಯಬೇಕು. ಆದರೆ ಕಾಯುವಾಗ ಕೈ ಖಾಲಿ ಇರಬಾರದು. ಗಂಟೆ ಎಷ್ಟು, ಬೋಟಿನ ಹೆಸರೇನು, ಯಾವ ಜಾಗ ಹೇಳಿದರು, ಎಷ್ಟು ಜನ, ಕೇಳಿದಷ್ಟನ್ನು ಬರೆಯಿರಿ. ಪೇಪರ್ ಇಲ್ಲದಿದ್ದರೆ ಮೀನಿನ ಬಾಕ್ಸಿನ ಮೇಲೆ ಬರೆಯಿರಿ. ಜಾಗ ಗೊತ್ತಾಗುವುದು ಅವನ ಬಾಯಿಂದ ಒಂದೇ ಸಲ ಇರಬಹುದು, ಅಷ್ಟರಲ್ಲಿ ಬ್ಯಾಟರಿ ನೀರಲ್ಲಿ ಮುಳುಗಿರುತ್ತದೆ.

ಯಾರೂ ಉತ್ತರ ಕೊಡಲಿಲ್ಲ ಅಂದರೆ ನೀವೇ ಕೊಡಬೇಕು. 'ಮೇಡೇ' ಅಂತ ಹೇಳಿ, ಅವರ ಬೋಟಿನ ಹೆಸರು 3 ಸಲ, ನಿಮ್ಮದು 3 ಸಲ, 'ಕೇಳಿತು' ಅನ್ನಿ. ತುಳು, ಕೊಂಕಣಿ, ಕನ್ನಡ, ಯಾವುದಾದರೂ ಸರಿ. ನಮ್ಮ ಕಡಲಲ್ಲಿ ಹತ್ತಿರ ಇರುವವರು ಬಹುಪಾಲು ಇದೇ ಭಾಷೆಯವರು. ಆಮೇಲೆ ಅವರ ಸುದ್ದಿಯನ್ನು ದೂರಕ್ಕೆ ದಾಟಿಸಿ. ಅದಕ್ಕೆ 'ಮೇಡೇ ರಿಲೇ' ಅಂತ 3 ಸಲ ಹೇಳಿ ಶುರುಮಾಡುತ್ತಾರೆ. ರಿಲೇ ಅಂದ ಕೂಡಲೇ ಮುಳುಗುತ್ತಿರುವುದು ನಿಮ್ಮ ಬೋಟಲ್ಲ, ಬೇರೆಯವರದ್ದು ಅಂತ ಎಲ್ಲರಿಗೂ ತಿಳಿಯುತ್ತದೆ. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ 1554ಕ್ಕೂ ಫೋನ್ ಮಾಡಿ.

ನೀವೇ ಕರೆಯಬೇಕಾಗಿ ಬಂದರೂ ಇದೇ ಕ್ರಮ. ಮೇಡೇ 3 ಸಲ, ಬೋಟಿನ ಹೆಸರು 3 ಸಲ, ಜಿಪಿಎಸ್‌ನಲ್ಲಿ ಕಾಣುವ ಅಂಕಿ ಒಂದೊಂದಾಗಿ, ಏನಾಯಿತು, ಎಷ್ಟು ಜನ. ಬೆರಳು ತೆಗೆದು ಕೇಳಿ. ಗಾಬರಿಯಲ್ಲಿ ಗುಂಡಿ ಒತ್ತಿಕೊಂಡೇ ಇರುತ್ತಾರೆ, ಆಗ ಉತ್ತರ ಬಂದರೂ ಕೇಳುವುದಿಲ್ಲ.

'ಮೇಡೇ' ಅಂದರೆ ಏನು? ಎಸ್‌ಒಎಸ್ ಅಂತ ಯಾಕೆ ಹೇಳುವುದಿಲ್ಲ? — ಧಾರವಾಡದ ವಿದ್ಯಾರ್ಥಿನಿ

ಫ್ರೆಂಚ್‌ನಲ್ಲಿ 'ನನಗೆ ಸಹಾಯ ಮಾಡಿ' ಅನ್ನುವ ಮಾತಿನ ಉಚ್ಚಾರ ಇದಕ್ಕೆ ಹತ್ತಿರ ಇದೆ. ಎಸ್‌ಒಎಸ್ ಹುಟ್ಟಿದ್ದು ಚುಕ್ಕೆ-ಗೆರೆಗಳಲ್ಲಿ ಸುದ್ದಿ ಕಳಿಸುವ ಮೋರ್ಸ್‌ಗಾಗಿ: 3 ಚುಕ್ಕೆ, 3 ಗೆರೆ, 3 ಚುಕ್ಕೆ. ಬಾಯಲ್ಲಿ ಹೇಳಿದರೆ 'ಎಸ್' ಅನ್ನುವುದು 'ಎಫ್' ತರಹ ಕೇಳುತ್ತದೆ. 1920ರ ದಶಕದಲ್ಲಿ ಲಂಡನ್ ಹತ್ತಿರದ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೋ ಆಫೀಸರ್ ಮಾಕ್‌ಫರ್ಡ್ ಈ ಪದ ಹುಡುಕಿದರು. ಅಲ್ಲಿಗೆ ಆಗ ಪ್ಯಾರಿಸ್ ವಿಮಾನಗಳೇ ಜಾಸ್ತಿ ಬರುತ್ತಿದ್ದವು. 1927ರಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿತು.

ಮಗ ಮರ್ಚೆಂಟ್ ನೇವಿ ತರಬೇತಿಯಲ್ಲಿದ್ದಾನೆ. ಈಗ ಎಲ್ಲ ಮೆಷಿನ್ನೇ ಕೇಳಿಸಿಕೊಂಡು ಅಲಾರಂ ಹೊಡೆಯುತ್ತದೆ, ಮನುಷ್ಯ ಕೂತು ಕೇಳುವುದು ಹಳೆಯ ಕಾಲ ಅನ್ನುತ್ತಾನೆ. ನಿಜವೇ? — ಶಿವಮೊಗ್ಗದಿಂದ

ಅರ್ಧ ನಿಜ. 1999ರ ಫೆಬ್ರವರಿ 1ರಿಂದ ಅಪಾಯದ ಕರೆಯನ್ನು ಮೆಷಿನ್ ಮೂಲಕವೇ ಕಳಿಸಿ ಕೇಳಿಸುವ ಜಿಎಂಡಿಎಸ್‌ಎಸ್ ಅನ್ನುವ ಜಾಗತಿಕ ವ್ಯವಸ್ಥೆ ಪೂರ್ತಿ ಜಾರಿಗೆ ಬಂತು, ಅದರ ಜೊತೆ ನಮ್ಮಂಥ ರೇಡಿಯೋ ಆಫೀಸರ್ ಕೆಲಸವೂ ಹೋಯಿತು. ಈಗ ಕೆಂಪು ಗುಂಡಿ ಒತ್ತಿ ಹಿಡಿದರೆ 70ನೇ ಚಾನೆಲ್‌ನಲ್ಲಿ ಹಡಗಿನ 9 ಅಂಕಿಯ ಗುರುತು ಹೋಗುತ್ತದೆ. ಜಿಪಿಎಸ್ ಜೋಡಿಸಿದ್ದರೆ ಜಾಗವೂ ತಾನಾಗೇ ಹೋಗಿ, ಸುತ್ತಲಿನ ಹಡಗುಗಳಲ್ಲಿ ಅಲಾರಂ ಆಗುತ್ತದೆ. ತುಂಬ ಒಳ್ಳೆಯ ವ್ಯವಸ್ಥೆ, ನಾನು ಅದಕ್ಕೆ ವಿರೋಧಿಯಲ್ಲ. ಆದರೆ ಆ ಗುಂಡಿ ಇಲ್ಲದ ಸಣ್ಣ ದೋಣಿಗಳು, ಕೈಯಲ್ಲಿ ಹಿಡಿಯುವ ಸೆಟ್ಟು ಮಾತ್ರ ಇರುವವರು ಲೆಕ್ಕವಿಲ್ಲದಷ್ಟು ಇದ್ದಾರೆ. ಅವರ ಬಳಿ ಇರುವುದು 16 ಮತ್ತು ಬಾಯಿ. ಅದಕ್ಕೇ ದೊಡ್ಡ ಹಡಗುಗಳ ಬ್ರಿಡ್ಜ್‌ನಲ್ಲಿ ಇವತ್ತಿಗೂ 16 ಕೇಳುತ್ತಾರೆ.

ನಮ್ಮ ರೇಡಿಯೋ ರೂಮಿನ ಗಡಿಯಾರದ ಮುಖದ ಮೇಲೆ ಬಣ್ಣದ ಪಟ್ಟಿ ಬಳಿದಿರುತ್ತಿತ್ತು. ಗಂಟೆ ಹೊಡೆದ ಮೊದಲ 3 ನಿಮಿಷ ಮತ್ತು ಅರ್ಧ ಗಂಟೆಯ ನಂತರದ 3 ನಿಮಿಷ ಹಸಿರು: ಅಷ್ಟು ಹೊತ್ತು ಅಪಾಯದ ಕರೆಗೆ ಅಂತ ಇದ್ದ 2182 ಕಿಲೋಹರ್ಟ್ಜ್‌ನಲ್ಲಿ ಯಾರೂ ಮಾತಾಡುವಂತಿಲ್ಲ, ಬರೀ ಕೇಳಬೇಕು. ಮೋರ್ಸ್‌ನ 500 ಕಿಲೋಹರ್ಟ್ಜ್‌ಗೆ ಕಾಲು ಮತ್ತು ಮುಕ್ಕಾಲು ಗಂಟೆಯ ನಂತರ ಕೆಂಪು ಪಟ್ಟಿ. ಎಲ್ಲ ಹಡಗುಗಳೂ ಒಟ್ಟಿಗೆ ಬಾಯಿ ಮುಚ್ಚಿದಾಗ ಆಗುವ ಆ ಮೌನವನ್ನು ನಿಮ್ಮ ಮಗ ಒಮ್ಮೆ ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಅವನಿಗೆ ಟೈಟಾನಿಕ್ ಕತೆಯ ಈ ಭಾಗ ಹೇಳಿ. 1912ರ ಏಪ್ರಿಲ್ 14ರ ರಾತ್ರಿ 11:40ಕ್ಕೆ ಅದು ಹಿಮಗಡ್ಡೆಗೆ ಬಡಿಯಿತು. ಹತ್ತಿರದಲ್ಲೇ ಇದ್ದ ಕ್ಯಾಲಿಫೋರ್ನಿಯನ್ ಹಡಗಿನ ಒಬ್ಬನೇ ಒಬ್ಬ ವೈರ್‌ಲೆಸ್ ಆಪರೇಟರ್ ಅದಕ್ಕೆ ಕೆಲವೇ ನಿಮಿಷ ಮೊದಲು ಸೆಟ್ಟು ಆಫ್ ಮಾಡಿ ಮಲಗಿದ್ದ. ದಿನವಿಡೀ ದುಡಿದಿದ್ದ, ರಾತ್ರಿ ಕೇಳಬೇಕೆಂಬ ನಿಯಮ ಇರಲಿಲ್ಲ, ಅವನದ್ದು ತಪ್ಪಲ್ಲ. ಗಂಟೆಗಟ್ಟಲೆ ದೂರದಲ್ಲಿದ್ದ ಕಾರ್ಪೇಥಿಯಾದ ಆಪರೇಟರ್ ಮಲಗಲು ಹೊರಟವನು ಕಿವಿಯಿಂದ ಹೆಡ್‌ಫೋನ್ ಇನ್ನೂ ತೆಗೆದಿರಲಿಲ್ಲ. ಬದುಕಿದ 700ಕ್ಕೂ ಹೆಚ್ಚು ಜನರನ್ನು ದೋಣಿಗಳಿಂದ ಎತ್ತಿಕೊಂಡಿದ್ದು ಆ ಹಡಗು. ಹಡಗುಗಳಲ್ಲಿ 24 ಗಂಟೆಯೂ ರೇಡಿಯೋ ಕೇಳಬೇಕು ಅನ್ನುವ ನಿಯಮ ಹುಟ್ಟಿದ್ದೇ ಇದರಿಂದ.

ಸರ್, ನಮ್ಮ ಮನೆಯವರು ಆಳಸಮುದ್ರ ಬೋಟಿಗೆ ಹೋಗುತ್ತಾರೆ, ಬರುವುದು 10 ದಿನಕ್ಕೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟಿನ 7 ಜನ ಬರಲೇ ಇಲ್ಲವಲ್ಲ, ಅವತ್ತಿನಿಂದ ಹೆದರಿಕೆ. ನಾನು ಮನೆಯಲ್ಲಿ ಒಂದು ವೈರ್‌ಲೆಸ್ ಇಟ್ಟುಕೊಳ್ಳಬಹುದಾ? — ಗಂಗೊಳ್ಳಿಯಿಂದ

ತಂಗೀ, ನಿನ್ನ ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಆ ಬೋಟಿನ ಅವಶೇಷ ನೌಕಾಪಡೆಗೆ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕಡಲಲ್ಲಿ. ಅಷ್ಟು ತಿಂಗಳು ಆ ಮನೆಯವರು ಕಾದದ್ದನ್ನು ಈ ಕರಾವಳಿ ಮರೆಯುವುದಿಲ್ಲ.

ಮನೆಯಲ್ಲಿ ವೈರ್‌ಲೆಸ್ ಇಟ್ಟರೆ ಪ್ರಯೋಜನವಿಲ್ಲ. ಆ ಸೆಟ್ಟಿಗೆ ಲೈಸೆನ್ಸ್ ಬೇಕು, ಇದ್ದರೂ ಮನೆಯ ಮಾಡಿನ ಎತ್ತರಕ್ಕೆ ಆಳಸಮುದ್ರ ಸಿಗುವುದಿಲ್ಲ. ಬದಲು ಮನೆಯವರು ಹೊರಡುವ ಮುಂಚೆ ಮೂರು ಮಾತು ಕೇಳು. ಬೋಟಿನಲ್ಲಿ ಡ್ಯಾಟ್ ಇದೆಯಾ? ಅದು ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಕೋಸ್ಟ್ ಗಾರ್ಡ್‌ಗೆ ಸುದ್ದಿ ಕೊಡುವ ಪೆಟ್ಟಿಗೆ, ದಡದ ದೂರ ಅದಕ್ಕೆ ಲೆಕ್ಕಕ್ಕಿಲ್ಲ. ವೈರ್‌ಲೆಸ್‌ಗೆ ಬೇರೆ ಬ್ಯಾಟರಿ ಇದೆಯಾ, ಅದನ್ನು ಕ್ಯಾಬಿನ್ ಒಳಗೆ ಎತ್ತರದಲ್ಲಿ ಇಟ್ಟಿದ್ದಾರಾ? ಇಂಜಿನ್ ಪಕ್ಕ ಕೆಳಗಿರುವ ಬ್ಯಾಟರಿಗೇ ಮೊದಲು ನೀರು ತಾಗುವುದು. ಆಂಟೆನಾ ವೈರಿನ ತುದಿ ಬಿಚ್ಚಿ ನೋಡಿದ್ದಾರಾ? ಉಪ್ಪು ಗಾಳಿಗೆ ಅಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ, ಸೆಟ್ಟಿನ ದೀಪ ಉರಿಯುತ್ತಿದ್ದರೂ ಮಾತು ಆಚೆ ಹೋಗುವುದಿಲ್ಲ.

ನೀನು ಮಾಡಬೇಕಾದದ್ದು ಒಂದು ಚೀಟಿ. ಬೋಟಿನ ಹೆಸರು, ನೋಂದಣಿ ನಂಬರ್, ಬಣ್ಣ, ಎಷ್ಟು ಜನ, ಎಲ್ಲರ ಹೆಸರು, ಯಾವ ಕಡೆ ಹೋಗುತ್ತಾರೆ, ಯಾವ ದಿನ ವಾಪಸ್, ಜೊತೆಗೆ ಹೋಗುವ ಬೋಟುಗಳ ಹೆಸರು. ಕೆಳಗೆ ದೊಡ್ಡದಾಗಿ 1554. ಹೇಳಿದ ದಿನ ದಾಟಿ ಸುದ್ದಿ ಇಲ್ಲದಿದ್ದರೆ ಮೊದಲು ಜೊತೆಯ ಬೋಟಿನ ಮನೆಯವರನ್ನು ಕೇಳು, ಅಲ್ಲೂ ಗೊತ್ತಿಲ್ಲ ಅಂದರೆ ಕೂಡಲೇ ಫೋನ್ ಮಾಡು. ಯಾರು ಏನೆಂದುಕೊಳ್ಳುತ್ತಾರೋ ಅಂತ ಇನ್ನೊಂದು ದಿನ ಕಾಯಬೇಡ. ಆ ಚೀಟಿಯನ್ನು ಕಪಾಟಿನಲ್ಲಿ ಇಡಬೇಡ, ಫೋನ್ ಚಾರ್ಜ್‌ಗೆ ಹಾಕುವ ಕಡೆ ಗೋಡೆಗೆ ಅಂಟಿಸು. ಪ್ರತಿ ಸಲ ಹೊರಡುವಾಗ ಅವರ ಕೈಯಲ್ಲೇ ಹೊಸದಾಗಿ ಬರೆಸು, ಯಾಕೆಂದರೆ ಬೋಟಿನಲ್ಲಿ ಕೆಲಸ ಮಾಡುವ ಕಲಾಸಿಗಳು ಬದಲಾಗುತ್ತಿರುತ್ತಾರೆ.